ಮಿದುಳಿನ ಅಲೆಗಳನ್ನು ಮೊದಲು ಕಂಡ ಹಾನ್ಸ್ ಬೆರ್ಗರ್

ಫಿಟ್ಸ್ ಬಂದು ಬಿದ್ದವರ ಕೈಕಾಲಿನ ಸೆಳೆತ ನಿಂತರೆ ಮನೆಯವರಿಗೆ ಹೋದ ಜೀವ ಬಂದಂತಾಗುತ್ತದೆ. ಆದರೆ ಸೆಳೆತ ನಿಂತು ಗಂಟೆಗಳು ಕಳೆದರೂ ರೋಗಿ ಕಣ್ಣು ಬಿಡದಿದ್ದರೆ? ಸುಸ್ತಾಗಿ ಮಲಗಿದ್ದಾರೆ ಎಂದುಕೊಳ್ಳುವುದೇ ಹೆಚ್ಚು. ದೊಡ್ಡ ಆಸ್ಪತ್ರೆಯ ಐಸಿಯುನಲ್ಲಿ ಮಾತ್ರ ವೈದ್ಯರು ಅಷ್ಟಕ್ಕೆ ಸುಮ್ಮನಾಗುವುದಿಲ್ಲ. ರೋಗಿಯ ತಲೆಗೆ ಸಣ್ಣ ಸಣ್ಣ ವಯರುಗಳನ್ನು ಅಂಟಿಸಿ ಇಇಜಿ ತೆಗೆಯುತ್ತಾರೆ. ಮೈ ಅಲುಗಾಡದಿದ್ದರೂ ಮಿದುಳಿನೊಳಗೆ ಫಿಟ್ಸ್ ನಡೆಯುತ್ತಲೇ ಇರಬಹುದು. ಅದು ಕಣ್ಣಿಗೆ ಕಾಣುವುದಿಲ್ಲ, ಸ್ಕ್ಯಾನ್‌ನಿಂದಲೂ ಖಚಿತವಾಗುವುದಿಲ್ಲ. ಅದನ್ನು ತೋರಿಸಿಕೊಡುವುದು ಇಇಜಿಯ ಗೆರೆಗಳು.

ಮನುಷ್ಯನ ಮಿದುಳಿನಿಂದ ಈ ಗೆರೆಗಳನ್ನು ಮೊದಲು ಪಡೆದವರು ಜರ್ಮನಿಯ ಯೇನಾ ಪಟ್ಟಣದ ಮನೋವೈದ್ಯ ಹಾನ್ಸ್ ಬೆರ್ಗರ್. ಅವರು ಹುಡುಕಲು ಹೊರಟಿದ್ದು ಒಂದು, ಸಿಕ್ಕಿದ್ದು ಇನ್ನೊಂದು. ಅವರ ಬದುಕಿನಲ್ಲಿ ಹೆಮ್ಮೆ ಪಡುವ ಮಾತೂ ಇದೆ, ತಲೆ ತಗ್ಗಿಸುವ ಮಾತೂ ಇದೆ.

ಕವಿಯ ಮೊಮ್ಮಗ

ಬೆರ್ಗರ್ ಹುಟ್ಟಿದ್ದು 1873ರ ಮೇ 21ರಂದು, ಜರ್ಮನಿಯ ಕೋಬುರ್ಗ್ ಪಟ್ಟಣದ ಪಕ್ಕದ ನೋಯ್ಸೆಸ್ ಎಂಬ ಹಳ್ಳಿಯಲ್ಲಿ. ತಂದೆ ಪಾಲ್ ಫ್ರೀಡ್ರಿಕ್ ಬೆರ್ಗರ್ ವೈದ್ಯರು. ತಾಯಿ ಅನ್ನಾ, ಹೆಸರಾಂತ ಜರ್ಮನ್ ಕವಿ ಫ್ರೀಡ್ರಿಕ್ ರ‍್ಯೂಕರ್ಟ್ ಅವರ ಮಗಳು. ಈ ತಾತನಿಗೂ ನಮ್ಮ ದೇಶಕ್ಕೂ ಒಂದು ನಂಟಿದೆ. ಸಂಸ್ಕೃತ, ಅರಬ್ಬಿ, ಫಾರಸಿ ಮೊದಲಾದ ಅನೇಕ ಭಾಷೆಗಳನ್ನು ಬಲ್ಲ ರ‍್ಯೂಕರ್ಟ್ ಮಹಾಭಾರತದ ನಳ ದಮಯಂತಿ ಕಥೆಯನ್ನು ಜರ್ಮನ್ ಪದ್ಯದಲ್ಲಿ ಬರೆದು 1828ರಲ್ಲಿ ಪ್ರಕಟಿಸಿದವರು. ಮೊಮ್ಮಗ ಹುಟ್ಟುವ ಹೊತ್ತಿಗೆ ಅವರು ತೀರಿಕೊಂಡು ಏಳು ವರ್ಷ ಆಗಿತ್ತು.

ಹುಡುಗ ಹಾನ್ಸ್‌ಗೆ ಮಾತ್ರ ಆಕಾಶದ ಮೇಲೆ ಕಣ್ಣು. ಖಗೋಳ ವಿಜ್ಞಾನಿಯಾಗಬೇಕೆಂದು ಗಣಿತ ಓದಲು ವಿಶ್ವವಿದ್ಯಾಲಯ ಸೇರಿದರು. ಆದರೆ ಅಲ್ಲಿ ಮನಸ್ಸು ನಿಲ್ಲಲಿಲ್ಲ. ಓದು ಬಿಟ್ಟು ಒಂದು ವರ್ಷದ ಸೇನಾ ಸೇವೆಗೆ ಸೇರಿಕೊಂಡರು.

ಫಿರಂಗಿ ಗಾಡಿಯ ಮುಂದೆ

ಸೇನೆಯ ತಾಲೀಮಿನಲ್ಲಿ ಒಂದು ದಿನ ಬೆರ್ಗರ್ ಏರಿದ್ದ ಕುದುರೆ ಬೆದರಿ ಮುಂಗಾಲೆತ್ತಿ ನಿಂತಿತು. ಸವಾರ ಕೆಳಗೆ ಬಿದ್ದರು. ಬಿದ್ದದ್ದು ಕುದುರೆಗಳು ಎಳೆದು ತರುತ್ತಿದ್ದ ಫಿರಂಗಿ ಗಾಡಿಯ ದಾರಿಯಲ್ಲೇ. ಇನ್ನೇನು ಗಾಲಿ ಮೈಮೇಲೆ ಹರಿಯಬೇಕು ಎನ್ನುವಷ್ಟರಲ್ಲಿ ಗಾಡಿ ನಿಂತಿತು. ಪ್ರಾಣ ಉಳಿಯಿತು.

ಅದೇ ಸಂಜೆ ತಂದೆಯಿಂದ ತಂತಿ ಬಂತು. ಕ್ಷೇಮವೇ ಎಂದು ವಿಚಾರಿಸಿದ ತಂತಿ. ದೂರದ ಮನೆಯಲ್ಲಿದ್ದ ಅಕ್ಕನಿಗೆ, ತಮ್ಮನಿಗೆ ಏನೋ ಆಪತ್ತು ಬಂದಿದೆ ಎಂದು ಇದ್ದಕ್ಕಿದ್ದಂತೆ ಅನ್ನಿಸಿತ್ತು. ಆಕೆಯೇ ಹಟ ಹಿಡಿದು ತಂದೆಯಿಂದ ತಂತಿ ಕೊಡಿಸಿದ್ದರು. ಹಿಂದೆಂದೂ ತಂದೆ ಹೀಗೆ ತಂತಿ ಕಳಿಸಿದವರಲ್ಲ.

ಇಂಥ ಸಂಗತಿ ನಮ್ಮೂರಿನಲ್ಲಿ ನಡೆದರೆ ಕರುಳಿನ ಸಂಬಂಧ ಎಂದು ಹೇಳಿ ಮುಗಿಸುತ್ತಾರೆ. ಬೆರ್ಗರ್‌ಗೆ ಅಷ್ಟರಿಂದ ಸಮಾಧಾನವಾಗಲಿಲ್ಲ. ಪ್ರಾಣಭಯದ ಆ ಗಳಿಗೆಯಲ್ಲಿ ತನ್ನ ಮನಸ್ಸಿನಿಂದ ಯಾವುದೋ ಶಕ್ತಿ ಹೊರಟು ಅಕ್ಕನ ಮನಸ್ಸನ್ನು ಮುಟ್ಟಿತು ಎಂದೇ ಅವರು ನಂಬಿದರು. ಅಂಥ ಶಕ್ತಿ ಇದ್ದರೆ ಅದರ ಮೂಲ ಮಿದುಳಿನಲ್ಲಿರಬೇಕು, ಮಿದುಳಿನಲ್ಲಿದ್ದರೆ ಅದನ್ನು ಅಳೆಯಲು ಬರಬೇಕು. ಈ ಲೆಕ್ಕ ಹಾಕಿ ಖಗೋಳವನ್ನು ಕೈಬಿಟ್ಟು ವೈದ್ಯಶಾಸ್ತ್ರ ಓದಲು ಹೊರಟರು.

ಸೋಲಿನ ವರ್ಷಗಳು

1897ರಲ್ಲಿ ಯೇನಾದಲ್ಲಿ ವೈದ್ಯ ಪದವಿ ಪಡೆದ ಬೆರ್ಗರ್, ಅಲ್ಲಿಯ ಮನೋರೋಗ ಆಸ್ಪತ್ರೆಯಲ್ಲಿ ಓಟೋ ಬಿನ್ಸ್‌ವಾಂಗರ್ ಅವರ ಕೈಕೆಳಗೆ ಕೆಲಸಕ್ಕೆ ಸೇರಿದರು. ಮುಂದಿನ ನಾಲ್ಕು ದಶಕ ಅವರ ಕೆಲಸವೆಲ್ಲ ಅದೇ ಆಸ್ಪತ್ರೆಯಲ್ಲಿ. ನಡುವೆ ಮೊದಲ ಮಹಾಯುದ್ಧದ ಕಾಲದಲ್ಲಿ ಮಾತ್ರ ಸೇನಾ ವೈದ್ಯರಾಗಿ ಹೊರಗಿದ್ದರು. 1911ರಲ್ಲಿ ಅವರ ಪ್ರಯೋಗಗಳಲ್ಲಿ ಸಹಾಯಕಿಯಾಗಿದ್ದ ಉರ್ಸುಲಾ ಫಾನ್ ಬ್ಯೂಲೋ ಅವರನ್ನು ಮದುವೆಯಾದರು. 1919ರಲ್ಲಿ ಬಿನ್ಸ್‌ವಾಂಗರ್ ಅವರ ಸ್ಥಾನಕ್ಕೆ ಬಂದು ಆಸ್ಪತ್ರೆಯ ಮುಖ್ಯಸ್ಥರಾದರು.

ಮನಸ್ಸಿನ ಶಕ್ತಿಯನ್ನು ಅಳೆಯುವ ಅವರ ಪ್ರಯತ್ನ ಮೂರು ದಾರಿಯಲ್ಲಿ ಸಾಗಿತು. ಮೊದಲು ಮಿದುಳಿನ ರಕ್ತಸಂಚಾರವನ್ನು ಅಳೆದರು. ಬಳಿಕ ಮಿದುಳಿನ ಶಾಖವನ್ನು ಅಳೆದು 1910ರಲ್ಲಿ ಪುಸ್ತಕವನ್ನೇ ಬರೆದರು. ಎರಡರಲ್ಲೂ ಬೇಕಾದ ಉತ್ತರ ಸಿಗಲಿಲ್ಲ. ಉಳಿದಿದ್ದು ವಿದ್ಯುತ್ತಿನ ದಾರಿ.

ಮೊಲ ಮತ್ತು ಮಂಗಗಳ ಮಿದುಳಿನಲ್ಲಿ ಸಣ್ಣ ವಿದ್ಯುತ್ ಹರಿವು ಇದೆಯೆಂದು ಇಂಗ್ಲೆಂಡಿನ ಲಿವರ್‌ಪೂಲ್‌ನ ವೈದ್ಯ ರಿಚರ್ಡ್ ಕೇಟನ್ 1875ರಲ್ಲೇ ತೋರಿಸಿದ್ದರು. ಬೆರ್ಗರ್ 1902ರಲ್ಲಿ ನಾಯಿಗಳ ಮೇಲೆ ಪ್ರಯತ್ನಿಸಿದರು. ಕೈಗೂಡಲಿಲ್ಲ. ಮತ್ತೆ ಮತ್ತೆ ಪ್ರಯತ್ನಿಸಿದರೂ ಹೇಳಿಕೊಳ್ಳುವಂಥ ಫಲ ಬರಲಿಲ್ಲ. ಆದರೂ ಬಿಡಲಿಲ್ಲ. ಹಗಲು ಆಸ್ಪತ್ರೆ ಮತ್ತು ಪಾಠ, ಅದು ಮುಗಿದ ಮೇಲೆ ತಮ್ಮ ಪ್ರಯೋಗದ ಕೋಣೆ. ಗಡಿಯಾರ ನೋಡಿ ನಡೆಯುವ, ಮಾತು ಕಡಿಮೆಯ ಈ ಪ್ರಾಧ್ಯಾಪಕರು ಒಳಗೆ ಏನು ಮಾಡುತ್ತಾರೆಂದು ಜೊತೆಯ ವೈದ್ಯರಿಗೂ ಸರಿಯಾಗಿ ತಿಳಿದಿರಲಿಲ್ಲ.

1924ರ ಜುಲೈ 6

ಮಿದುಳಿನ ವಿದ್ಯುತ್ತು ಎಷ್ಟು ಕ್ಷೀಣ ಎಂಬುದಕ್ಕೆ ಒಂದು ಹೋಲಿಕೆ. ಟಾರ್ಚಿಗೆ ಹಾಕುವ ಒಂದು ಸೆಲ್ಲಿನಲ್ಲಿ ಒಂದೂವರೆ ವೋಲ್ಟ್ ಇರುತ್ತದೆ. ಒಂದು ವೋಲ್ಟನ್ನು ಹತ್ತು ಲಕ್ಷ ಪಾಲು ಮಾಡಿ ಅದರಲ್ಲಿ ಐವತ್ತು ಪಾಲು ತೆಗೆದುಕೊಂಡರೆ ಎಷ್ಟೋ, ನೆತ್ತಿಯ ಚರ್ಮದ ಮೇಲೆ ಸಿಗುವುದು ಹೆಚ್ಚು ಕಡಿಮೆ ಅಷ್ಟೇ. ಇಷ್ಟು ಸಣ್ಣದನ್ನು ಹಿಗ್ಗಿಸಿ ತೋರಿಸುವ ಒಳ್ಳೆಯ ಯಂತ್ರ ಆಗ ಬೆರ್ಗರ್ ಬಳಿ ಇರಲಿಲ್ಲ. ಇದ್ದದ್ದು ಹೃದಯದ ಇಸಿಜಿ ತೆಗೆಯಲು ಬಳಸುತ್ತಿದ್ದ ಬಗೆಯ ಯಂತ್ರ. ಅಯಸ್ಕಾಂತದ ನಡುವೆ ಕಟ್ಟಿದ ಕೂದಲಿಗಿಂತ ತೆಳುವಾದ ಎಳೆ ವಿದ್ಯುತ್ತು ಹರಿದಾಗ ಅಲುಗುತ್ತದೆ. ಅದರ ನೆರಳು ಸರಿಯುತ್ತಿರುವ ಫೋಟೋ ಕಾಗದದ ಮೇಲೆ ಗೆರೆಯಾಗಿ ಮೂಡುತ್ತದೆ.

1924ರ ಜುಲೈ 6ರಂದು ಶಸ್ತ್ರವೈದ್ಯ ನಿಕೊಲಾಯ್ ಗುಲೆಕೆ ಅವರು 17 ವರ್ಷದ ಹುಡುಗನೊಬ್ಬನ ಮಿದುಳಿನ ಚಿಕಿತ್ಸೆ ನಡೆಸಿದರು. ಅವನ ತಲೆಬುರುಡೆಯ ಒಂದು ಕಡೆ ಮೂಳೆ ತೆಗೆದಿದ್ದ ಜಾಗದಿಂದ ಬೆರ್ಗರ್ ವಿದ್ಯುತ್ ಹರಿವನ್ನು ಹಿಡಿಯಲು ನೋಡಿದರು. ಎಳೆ ಸ್ವಲ್ಪವೇ ನಡುಗಿತು. ಮನುಷ್ಯನ ಮಿದುಳಿನ ಮೊದಲ ಇಇಜಿ ಎಂದು ಇಂದು ಎಣಿಸುವುದು ಆ ನಡುಕವನ್ನು.

ಬೇರೆ ಯಾರಾದರೂ ಆಗಿದ್ದರೆ ಮರುದಿನವೇ ಲೋಕಕ್ಕೆ ಸಾರುತ್ತಿದ್ದರೋ ಏನೋ. ಬೆರ್ಗರ್ ಐದು ವರ್ಷ ಬಾಯಿ ಬಿಡಲಿಲ್ಲ. ಕಂಡದ್ದು ಮಿದುಳಿನದೇ ಹೌದೋ, ಅಥವಾ ಹೃದಯದ ಬಡಿತವೋ, ರಕ್ತನಾಳದ ಮಿಡಿತವೋ, ಕಣ್ಣು ಹಣೆಗಳ ಸ್ನಾಯುವಿನ ಅಲುಗಾಟವೋ ಎಂಬ ಅನುಮಾನ ಅವರನ್ನು ಕಾಡಿತು. ಒಂದೊಂದನ್ನೂ ಪರೀಕ್ಷೆ ಮಾಡಿ ಬದಿಗಿಟ್ಟರು. ಹೆತ್ತ ಮಗ ಕ್ಲಾಸ್‌ನ ತಲೆಗೇ ತಂತಿ ಹಚ್ಚಿ ಹತ್ತಾರು ಸಲ ಗೆರೆ ತೆಗೆದರು. ಮೊದಲು ಚರ್ಮದಡಿಗೆ ಸೂಜಿ ಚುಚ್ಚುತ್ತಿದ್ದರು, ಮುಂದೆ ಬೆಳ್ಳಿಯ ತೆಳು ತಗಡುಗಳನ್ನು ಹಣೆಗೂ ಹಿಂದಲೆಗೂ ಕಟ್ಟಿ ಕೆಲಸ ಸಾಗಿಸಿದರು.

1929ರಲ್ಲಿ ಮೊದಲ ಲೇಖನ ಹೊರಬಂತು. ಮನುಷ್ಯ ಕಣ್ಣು ಮುಚ್ಚಿ ಸುಮ್ಮನೆ ಕುಳಿತಾಗ ಮಿದುಳಿನಿಂದ ಸೆಕೆಂಡಿಗೆ ಸುಮಾರು ಹತ್ತು ಅಲೆ ಬರುತ್ತವೆ ಎಂಬುದು ಅದರ ಸಾರ. ಈ ಅಲೆಗೆ ಆಲ್ಫಾ ಎಂದೂ, ಅದಕ್ಕಿಂತ ಸಣ್ಣ, ವೇಗದ ಅಲೆಗೆ ಬೀಟಾ ಎಂದೂ ಮುಂದೆ ಹೆಸರಿಟ್ಟರು. ಕಣ್ಣು ತೆರೆದರೆ ಇಲ್ಲವೇ ಮನಸ್ಸಿನಲ್ಲಿ ಲೆಕ್ಕ ಮಾಡಲು ಹೇಳಿದರೆ ಆಲ್ಫಾ ಅಲೆ ಮಾಯವಾಗುತ್ತಿತ್ತು. ಇಲೆಕ್ಟ್ರೋಎನ್‌ಸೆಫಲೋಗ್ರಾಂ, ಅಂದರೆ ಇಂದು ಎಲ್ಲರೂ ಇಇಜಿ ಎನ್ನುವ ಪರೀಕ್ಷೆಗೆ ಆ ಹೆಸರು ಬಂದಿದ್ದು ಈ ಲೇಖನದಿಂದಲೇ.

ನಂಬದ ಲೋಕ

ವಿದ್ವಾಂಸರು ನಂಬಲಿಲ್ಲ. ಕೋಟಿಗಟ್ಟಲೆ ಜೀವಕೋಶಗಳಿರುವ ಮಿದುಳಿನಿಂದ ಇಷ್ಟು ಸರಳವಾದ ಅಲೆ ಬರಲು ಹೇಗೆ ಸಾಧ್ಯ ಎಂಬುದು ಅವರ ಪ್ರಶ್ನೆ. ಬೆರ್ಗರ್ ವಾದಕ್ಕೆ ಹೋಗದೆ ಒಂದರ ಹಿಂದೊಂದು ಲೇಖನ ಬರೆದರು. 1938ರ ವರೆಗೆ ಇದೇ ಹೆಸರಿನ 14 ಲೇಖನಗಳು ಬಂದವು.

1934ರಲ್ಲಿ ಗಾಳಿ ತಿರುಗಿತು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ನೊಬೆಲ್ ಪ್ರಶಸ್ತಿ ಪಡೆದಿದ್ದ ಎಡ್ಗರ್ ಏಡ್ರಿಯನ್ ಮತ್ತು ಅವರ ಜೊತೆಗಾರ ಬ್ರಯಾನ್ ಮ್ಯಾಥ್ಯೂಸ್ ತಮ್ಮ ಉತ್ತಮ ಯಂತ್ರದಲ್ಲಿ ಪರೀಕ್ಷಿಸಿದರು. ಅದೇ ಅಲೆ ಅಲ್ಲೂ ಕಂಡಿತು. ಅವರು ಅದನ್ನು ಬೆರ್ಗರ್ ಅವರ ಹೆಸರಿನಿಂದಲೇ ಕರೆದರು. 1935ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಫ್ರೆಡ್ರಿಕ್ ಗಿಬ್ಸ್, ಹ್ಯಾಲೊವೆಲ್ ಡೇವಿಸ್, ವಿಲಿಯಂ ಲೆನಾಕ್ಸ್ ಸೇರಿ ಅಪಸ್ಮಾರದ ಗುಟ್ಟನ್ನು ಬಯಲಿಗೆ ತಂದರು. ಕೆಲವು ಮಕ್ಕಳು ಆಡುತ್ತಿದ್ದಂತೆಯೇ ಕೆಲವು ಸೆಕೆಂಡು ಶೂನ್ಯ ದಿಟ್ಟಿಸಿ ನಿಂತುಬಿಡುತ್ತಾರೆ. ಕೈಕಾಲು ಸೆಳೆಯುವುದಿಲ್ಲ, ಬೀಳುವುದೂ ಇಲ್ಲ. ಆ ಹೊತ್ತಿನಲ್ಲಿ ಸೆಕೆಂಡಿಗೆ ಮೂರರಂತೆ ಚೂಪು ಮೊನೆ ಮತ್ತು ದೊಡ್ಡ ಅಲೆ ಜೋಡಿಯಾಗಿ ಬರುವುದನ್ನು ಅವರು ತೋರಿಸಿದರು. ಸೆಳೆತವಿಲ್ಲದ ಫಿಟ್ಸ್ ಉಂಟು ಎಂಬುದಕ್ಕೆ ಕಾಗದದ ಮೇಲೆ ಸಾಕ್ಷಿ ಸಿಕ್ಕಿತು.

ಪ್ರಜ್ಞೆಯ ವಿಷಯಕ್ಕೂ ಬೆರ್ಗರ್ ಕೈ ಹಾಕಿದ್ದರು. ಅರಿವಳಿಕೆ ಕೊಟ್ಟಾಗ ಮತ್ತು ಪ್ರಜ್ಞೆ ತಪ್ಪಿದಾಗ ಅಲೆಗಳ ರೂಪ ಬದಲಾಗಿ ನಿಧಾನವಾಗುತ್ತವೆ ಎಂದು ಅವರು ಗುರುತಿಸಿದರು. ಕೋಮಾದ ರೋಗಿಗೆ ಇಂದು ಇಇಜಿ ತೆಗೆಯುವುದರ ಬೇರು ಇಲ್ಲಿದೆ. 1937ರಲ್ಲಿ ಪ್ಯಾರಿಸ್‌ನ ಮನಃಶಾಸ್ತ್ರ ಸಮ್ಮೇಳನದಲ್ಲಿ ಏಡ್ರಿಯನ್ ಜೊತೆ ಅವರಿಗೂ ಗೌರವದ ಸ್ಥಾನ ಸಿಕ್ಕಿತು.

ಆದರೆ ಯಾವುದಕ್ಕಾಗಿ ಹೊರಟಿದ್ದರೋ ಅದು ಮಾತ್ರ ಸಿಗಲಿಲ್ಲ. ಮಿದುಳಿನ ಈ ವಿದ್ಯುತ್ತು ತಲೆಯ ಚರ್ಮ ದಾಟುವ ಹೊತ್ತಿಗೇ ಸೋತು ಹೋಗುತ್ತದೆ, ಊರಾಚೆಯ ಅಕ್ಕನನ್ನು ಮುಟ್ಟುವ ಬಲ ಅದಕ್ಕಿಲ್ಲ ಎಂಬುದು ಅವರಿಗೇ ಸ್ಪಷ್ಟವಾಗಿತ್ತು.

ಕಪ್ಪು ಅಧ್ಯಾಯ

ಬೆರ್ಗರ್ ನಾಜಿಗಳ ಕಿರುಕುಳಕ್ಕೆ ಸಿಕ್ಕಿ ಹುದ್ದೆ ಕಳೆದುಕೊಂಡವರು ಎಂದು ಬಹುಕಾಲ ಪುಸ್ತಕಗಳಲ್ಲಿ ಬರೆಯಲಾಗಿತ್ತು. ಹಳೆಯ ಕಡತಗಳನ್ನು ತೆರೆದು ನೋಡಿದ ಸಂಶೋಧಕರು ಬೇರೆಯದನ್ನೇ ಕಂಡರು. 1938ರಲ್ಲಿ ಅವರು ನಿವೃತ್ತರಾದದ್ದು 65 ವರ್ಷ ತುಂಬಿದ್ದರಿಂದ. ಅವರು ನಾಜಿ ಪಕ್ಷದ ಸದಸ್ಯರಾಗಿರಲಿಲ್ಲ, ಆದರೆ ಎಸ್‌ಎಸ್ ಪಡೆಗೆ ಹಣ ಕೊಡುವ ಪೋಷಕ ಸದಸ್ಯರಾಗಿದ್ದರು. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ.

1933ರ ಜುಲೈನಲ್ಲಿ ಹಿಟ್ಲರ್ ಸರ್ಕಾರ ಒಂದು ಕಾಯ್ದೆ ತಂದಿತು. ವಂಶದಿಂದ ಬರುತ್ತವೆ ಎಂದು ಹೆಸರಿಸಿದ ಕೆಲವು ರೋಗಗಳಿದ್ದವರಿಗೆ ಮಕ್ಕಳಾಗದಂತೆ ಬಲವಂತದಿಂದ ಶಸ್ತ್ರಚಿಕಿತ್ಸೆ ಮಾಡಿಸುವ ಕಾಯ್ದೆ ಅದು. ಆ ಪಟ್ಟಿಯಲ್ಲಿ ಅಪಸ್ಮಾರವೂ ಇತ್ತು. ಯಾರಿಗೆ ಮಾಡಬೇಕೆಂದು ತೀರ್ಪು ಕೊಡಲು ವೈದ್ಯರೂ ಕೂರುವ ನ್ಯಾಯಾಲಯಗಳನ್ನು ತೆರೆದರು. ಆ ಆಡಳಿತ ಮುಗಿಯುವ ಹೊತ್ತಿಗೆ ಸುಮಾರು ನಾಲ್ಕು ಲಕ್ಷ ಮಂದಿ ಹೀಗೆ ಚಾಕುವಿಗೆ ಒಳಗಾದರು. ಅಂಥ ಒಂದು ನ್ಯಾಯಪೀಠದಲ್ಲಿ ಬೆರ್ಗರ್ ಕುಳಿತು ತೀರ್ಪುಗಳಿಗೆ ಕೈ ಜೋಡಿಸಿದ್ದರು.

ಅಪಸ್ಮಾರ ಎನ್ನುವುದು ಶಾಪವಲ್ಲ, ಮಿದುಳಿನ ವಿದ್ಯುತ್ತಿನ ಏರುಪೇರು ಎಂದು ಲೋಕಕ್ಕೆ ಕಾಣಿಸುವಂತೆ ಮಾಡಿದ್ದು ಅವರ ಯಂತ್ರ. ಆ ರೋಗ ಇದ್ದವರನ್ನು ಕೀಳಾಗಿ ಕಂಡ ಕಾಯ್ದೆಗೆ ಒತ್ತಾಸೆಯಾದದ್ದೂ ಅವರೇ. ಒಂದನ್ನು ನೆನೆದು ಇನ್ನೊಂದನ್ನು ಮರೆಯಲಾಗದು.

ಕೊನೆಯ ವರ್ಷಗಳಲ್ಲಿ ಹೃದಯದ ತೊಂದರೆ ಮತ್ತು ತೀವ್ರ ಖಿನ್ನತೆ ಅವರನ್ನು ಹಿಂಡಿದವು. 1941ರ ಜೂನ್ 1ರಂದು ಯೇನಾದಲ್ಲಿ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಆಗ ಅವರಿಗೆ 68 ವರ್ಷ.

ಇಂದಿನ ಐಸಿಯುನಲ್ಲಿ

ಬೆರ್ಗರ್ ತೆರೆದ ದಾರಿ ಅವರು ಹೋದ ಮೇಲೂ ಬೆಳೆಯಿತು. ಅಮೆರಿಕದ ರಿಚ್ಮಂಡ್‌ನ ವೈದ್ಯರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೋಮಾದಲ್ಲಿದ್ದ 236 ರೋಗಿಗಳಿಗೆ ಇಇಜಿ ತೆಗೆದಿದ್ದರು. ಇವರಲ್ಲಿ ಯಾರ ಮೈಯಲ್ಲೂ ಸೆಳೆತದ ಸುಳಿವಿರಲಿಲ್ಲ. ಆದರೂ ನೂರಕ್ಕೆ 8 ಮಂದಿಯ ಮಿದುಳಿನಲ್ಲಿ ಬಿಡದೆ ಫಿಟ್ಸ್ ನಡೆಯುತ್ತಿತ್ತು. 2004ರಲ್ಲಿ ನ್ಯೂಯಾರ್ಕಿನಿಂದ ಬಂದ ಅಧ್ಯಯನದಲ್ಲಿ, ಪ್ರಜ್ಞೆ ತಗ್ಗಿದ್ದ ಅಥವಾ ಕಾಣದ ಫಿಟ್ಸ್ ಅನುಮಾನವಿದ್ದ 570 ರೋಗಿಗಳ ತಲೆಗೆ ಎಡೆಬಿಡದೆ ಇಇಜಿ ಇಟ್ಟು ನೋಡಿದ್ದರು. 110 ಮಂದಿಯಲ್ಲಿ ಫಿಟ್ಸ್ ಸಿಕ್ಕಿತು. ಅವರಲ್ಲಿ ನೂರಕ್ಕೆ 92 ಮಂದಿಯದು ಇಇಜಿಯಲ್ಲಿ ಮಾತ್ರ ಕಾಣುವಂಥದ್ದು. ಹೆಚ್ಚಿನವರಲ್ಲಿ ಅದು ಮೊದಲ 24 ಗಂಟೆಯೊಳಗೆ ಸಿಕ್ಕಿತು. ಅರ್ಧ ಗಂಟೆಯ ಮಾಮೂಲಿ ಇಇಜಿಯಲ್ಲಿ ಕಾಣದ್ದು ದಿನವಿಡೀ ಇಟ್ಟರೆ ಕಾಣಬಹುದು ಎಂಬುದು ಇದರ ಅರ್ಥ.

ನಿಲ್ಲದ ಫಿಟ್ಸ್‌ಗೆ ಚಿಕಿತ್ಸೆ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ಮೊದಲು ಲೊರಾಜೆಪಾಮ್ ಅಥವಾ ಮಿಡಜೋಲಾಮ್‌ನಂಥ ಔಷಧಿ. ಅದಕ್ಕೆ ಬಗ್ಗದಿದ್ದರೆ ಲೆವೆಟಿರಾಸಿಟಾಮ್, ವಾಲ್‌ಪ್ರೊಯೇಟ್ ಅಥವಾ ಫಾಸ್‌ಫೆನಿಟಾಯಿನ್. ಈ ಮೂರನ್ನೂ ಹೋಲಿಸಿ ನೋಡಿದ ಅಮೆರಿಕದ ದೊಡ್ಡ ಪರೀಕ್ಷೆಯ ಫಲ 2019ರಲ್ಲಿ ಬಂತು. ಮೂರೂ ಹೆಚ್ಚು ಕಡಿಮೆ ಸಮ, ಯಾವುದನ್ನು ಕೊಟ್ಟರೂ ಸುಮಾರು ಅರ್ಧದಷ್ಟು ಜನರಲ್ಲಿ ಫಿಟ್ಸ್ ನಿಲ್ಲುತ್ತದೆ. ಆಗಲೂ ನಿಲ್ಲದಿದ್ದರೆ ವೆಂಟಿಲೇಟರ್ ಹಾಕಿ ಅರಿವಳಿಕೆ ಔಷಧಿಯಿಂದ ಮಿದುಳನ್ನು ಮಲಗಿಸುತ್ತಾರೆ. ರೋಗಿಯ ಮೈ ಆಗ ಹೇಗೂ ಅಲುಗಾಡುವುದಿಲ್ಲ. ಫಿಟ್ಸ್ ನಿಂತಿತೋ ಇಲ್ಲವೋ ಎಂದು ಹೇಳಲು ಇಇಜಿ ಬಿಟ್ಟರೆ ಗತಿಯಿಲ್ಲ.

ಗೆರೆಯಲ್ಲಿ ಕಂಡದ್ದಕ್ಕೆಲ್ಲ ಔಷಧಿ ಸುರಿದರೆ ಗುಣವಾಗುತ್ತದೆ ಎಂದೂ ಅಲ್ಲ. ಹೃದಯ ನಿಂತು ಮತ್ತೆ ಬಡಿಯತೊಡಗಿದರೂ ಎಚ್ಚರವಾಗದ, ಇಇಜಿಯಲ್ಲಿ ಫಿಟ್ಸ್ ಹೋಲುವ ಗೆರೆ ಇದ್ದ 172 ರೋಗಿಗಳ ಮೇಲೆ ನೆದರ್‌ಲೆಂಡ್ಸ್ ಮತ್ತು ಬೆಲ್ಜಿಯಂನಲ್ಲಿ ಪರೀಕ್ಷೆ ನಡೆದು 2022ರಲ್ಲಿ ಫಲ ಹೊರಬಂತು. ಅರ್ಧದಷ್ಟು ಜನರಿಗೆ ಆ ಗೆರೆ ಅಳಿಯುವವರೆಗೆ ಬಿಗಿಯಾದ ಚಿಕಿತ್ಸೆ ಕೊಟ್ಟರೂ ಚೇತರಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಎರಡೂ ಗುಂಪಿನಲ್ಲಿ ನೂರಕ್ಕೆ ತೊಂಬತ್ತರ ಆಸುಪಾಸಿನ ಮಂದಿಗೆ ಒಳ್ಳೆಯ ಫಲ ಸಿಗಲಿಲ್ಲ. ಮಿದುಳಿಗೆ ಮೊದಲೇ ಆಗಿರುವ ಪೆಟ್ಟು ದೊಡ್ಡದಾಗಿದ್ದರೆ ಗೆರೆಯನ್ನು ಅಳಿಸಿದ ಮಾತ್ರಕ್ಕೆ ಮಿದುಳು ಎಚ್ಚರಗೊಳ್ಳುವುದಿಲ್ಲ.

ಊರಿನವರು ತಿಳಿದಿರಬೇಕಾದದ್ದು

ಕನ್ನಡದಲ್ಲಿ ಮೂರ್ಛೆರೋಗ, ಮಲಯಾಳದಲ್ಲಿ ಅಪಸ್ಮಾರಂ, ತಮಿಳಿನಲ್ಲಿ ವಲಿಪ್ಪು. ಗಡಿಯ ಊರುಗಳಲ್ಲಿ ಹೆಸರು ಬೇರೆ ಬೇರೆ, ಹೆದರಿಕೆ ಒಂದೇ. ಬಿದ್ದವರ ಕೈಗೆ ಕಬ್ಬಿಣದ ಬೀಗದಕೈ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು ಇನ್ನೂ ನಿಂತಿಲ್ಲ. ಇದರಿಂದ ಫಿಟ್ಸ್ ನಿಲ್ಲುವುದಿಲ್ಲ. ಮಾಡಬೇಕಾದದ್ದು ಇಷ್ಟೆ. ಪಕ್ಕದಲ್ಲಿರುವ ಗಟ್ಟಿ, ಚೂಪು ವಸ್ತುಗಳನ್ನು ಸರಿಸಬೇಕು. ಬಿಗಿಯಾದ ಬಟ್ಟೆ ಸಡಿಲಿಸಿ, ಸೆಳೆತ ತಗ್ಗುತ್ತಿದ್ದಂತೆ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಬೇಕು. ಬಾಯಿಗೆ ಚಮಚ, ಬಟ್ಟೆ, ನೀರು ಏನನ್ನೂ ಹಾಕಬಾರದು. ಗಡಿಯಾರ ನೋಡಬೇಕು. ಐದು ನಿಮಿಷ ಕಳೆದರೂ ನಿಲ್ಲದಿದ್ದರೆ, ಅಥವಾ ಎಚ್ಚರವಾಗದೆ ಮತ್ತೆ ಬಂದರೆ ತಡ ಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಸೆಳೆತ ನಿಂತ ಮೇಲೂ ಪ್ರಜ್ಞೆ ಮರಳದಿದ್ದರೆ ಮಲಗಲಿ ಬಿಡಿ ಎಂದು ಮನೆಯಲ್ಲಿ ಇಟ್ಟುಕೊಳ್ಳಬಾರದು.

ಮದುವೆಯ ಮಾತು ಬಂದಾಗ ರೋಗವನ್ನು ಮುಚ್ಚಿಡುವುದು, ಔಷಧಿ ಬಿಡಿಸುವುದು ಎಲ್ಲ ಕಡೆ ಇದೆ. 1955ರ ಹಿಂದೂ ವಿವಾಹ ಕಾಯ್ದೆಯಲ್ಲೂ ಮರಳಿ ಮರಳಿ ಬರುವ ಅಪಸ್ಮಾರ ಮದುವೆಗೆ ಅಡ್ಡಿ ಎಂದಿತ್ತು. 1999ರಲ್ಲಿ ಸಂಸತ್ತು ಆ ಮಾತನ್ನು ಕಾಯ್ದೆಯಿಂದ ತೆಗೆದುಹಾಕಿತು. ಕಾಯ್ದೆಯಿಂದ ಹೋದದ್ದು ಮನಸ್ಸಿನಿಂದಲೂ ಹೋಗಬೇಕಾಗಿದೆ.

ಹಾನ್ಸ್ ಬೆರ್ಗರ್ ಅವರ ಯಂತ್ರ ಮಾತಾಡಲಾಗದ ರೋಗಿಯ ಪರವಾಗಿ ಇಂದು ಸಾಕ್ಷಿ ಹೇಳುತ್ತಿದೆ. ನ್ಯಾಯಪೀಠದಲ್ಲಿ ಕುಳಿತ ದಿನ ಬೆರ್ಗರ್ ಅವರು ಆ ರೋಗಿಯ ಪರವಾಗಿ ನಿಲ್ಲಲಿಲ್ಲ. ಅವರ ಬದುಕನ್ನು ಓದುವವರು ಎರಡನ್ನೂ ನೆನಪಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.